ಕರ್ಣನ ತಪ್ಪನ್ನು ಯಾರೂ ಹಾಡುವುದಿಲ್ಲ

ಪಾಂಡವಪುರಕ್ಕೆ ಪಾಂಡವರ ಹೆಸರು. ಮೊದಲು ಅದು ಹಿರೋಡೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದರಿಂದ ಇಂಗ್ಲಿಷರ ಬಾಯಲ್ಲಿ ಫ್ರೆಂಚ್ ರಾಕ್ಸ್ ಆಯಿತು. ಊರ ಪಕ್ಕದ ಕುಂತಿಬೆಟ್ಟದಲ್ಲಿ ವನವಾಸದ ಕಾಲಕ್ಕೆ ತಾಯಿಮಕ್ಕಳು ತಂಗಿದ್ದರೆಂಬ ಸ್ಥಳಪುರಾಣವೇ ಕೊನೆಗೆ ಗೆದ್ದು ಪಾಂಡವಪುರವೆಂಬ ಹೆಸರು ನಿಂತಿತು. ಇಷ್ಟಾದರೂ ಈ ತಾಲ್ಲೂಕಿನ ಯಾವ ಹಳ್ಳಿಯಲ್ಲಿ ಹಬ್ಬಕ್ಕೆ ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’ ಆಡಿಸಿದರೂ ಶಿಳ್ಳೆ ಬೀಳುವುದು ದುರ್ಯೋಧನನಿಗೆ. ಧರ್ಮರಾಯ ರಂಗಕ್ಕೆ ಬಂದನೆಂದರೆ ಜನ ಬೀಡಿ ಹಚ್ಚಲು, ಟೀ ಕುಡಿಯಲು ಏಳುತ್ತಾರೆ. ಊರಿಗೆ ಹೆಸರು ಕೊಟ್ಟವರ ಹಿರಿಯಣ್ಣನಿಗೆ ಈ ಮರ್ಯಾದೆ. ಇದರಿಂದ ಯಾರ ಭಾವನೆಗೂ ಧಕ್ಕೆ ಆದದ್ದನ್ನು ನಾನು ಕಂಡಿಲ್ಲ.

ಮೆಚ್ಚಿನ ನಾಯಕನಲ್ಲಿ ಒಂದು ಕಲೆ ತೋರಿಸಿದರೆ ಅಭಿಮಾನಿ ಯಾಕೆ ಕೆರಳುತ್ತಾನೆ ಎಂಬ ಪ್ರಶ್ನೆ ಈಗ ಲೋಕದ ತುಂಬ ಇದೆ. ಅಮೆರಿಕದ ಹಾರ್ಪರ್ ಲೀ 1960ರಲ್ಲಿ ಪ್ರಕಟಿಸಿದ ಕಾದಂಬರಿಯ ವಕೀಲ ಅಟಿಕಸ್ ಫಿಂಚ್, ಸುಳ್ಳು ಆರೋಪಕ್ಕೆ ಸಿಕ್ಕಿದ ಕರಿಯನೊಬ್ಬನ ಪರ ನಿಂತ ನ್ಯಾಯವಂತ. ಮಕ್ಕಳಿಗೆ ಅವನ ಹೆಸರಿಟ್ಟ ತಂದೆತಾಯಂದಿರಿದ್ದರು. 2015ರಲ್ಲಿ ಅದೇ ಲೇಖಕಿಯ ಇನ್ನೊಂದು ಪುಸ್ತಕ ಹೊರಬಂದು, ಮುಪ್ಪಿನ ಅಟಿಕಸ್ ವರ್ಣಭೇದದ ಮಾತಾಡುವುದನ್ನು ಓದಿದಾಗ ಅವರೆಲ್ಲ ಹೌಹಾರಿದರು. 2017ರ ‘ಸ್ಟಾರ್ ವಾರ್ಸ್’ ಸಿನಿಮಾದಲ್ಲಿ ಹಳೆಯ ವೀರ ಲ್ಯೂಕ್ ಸೋತು ಮೂಲೆಗೆ ಕೂತದ್ದನ್ನು ಕಂಡು ಅಭಿಮಾನಿಗಳು ಎರಡು ಪಾಳೆಯವಾಗಿ ಕಚ್ಚಾಡಿದರು. ಅಭಿಮಾನಿಗೆ ಸಹನೆಯಿಲ್ಲ, ಅವನಿಗೆ ಗೊಂಬೆ ಬೇಕು, ಮನುಷ್ಯ ಬೇಡ ಎಂದು ಇದಕ್ಕೆ ಸಾಮಾನ್ಯವಾಗಿ ವಿವರಣೆ ಕೊಡುತ್ತಾರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ರಾತ್ರಿಯಿಡೀ ನಾಟಕ ನೋಡಿದವರಿಗೆ ಈ ವಿವರಣೆ ಒಪ್ಪಿಗೆಯಾಗುವುದು ಕಷ್ಟ. ಇಲ್ಲಿ ನಾಯಕರ ತಪ್ಪುಗಳೇ ನಾಟಕದ ಬಂಡವಾಳ.

ಟಿಪ್ಪುವಿನ ವಿಷಯ ಇಲ್ಲಿ ಎತ್ತುವುದಿಲ್ಲ. ಅವನು ಇತಿಹಾಸದ ದೊರೆ, ಅವನ ಜಗಳ ಬೇರೆ. ಅವನ ಸಾವಿನ ಸುತ್ತ ಹುಟ್ಟಿದ ಎರಡು ಹೆಸರುಗಳಿಗೆ ಮಾತ್ರ ಆಮೇಲೆ ಬರುತ್ತೇನೆ. ರಾಮ, ಕೃಷ್ಣರ ವಿಷಯಕ್ಕೂ ಒಂದು ಮಾತು ಸೇರಿಸಬೇಕು. ಭಕ್ತನಿಗೆ ಅವರು ದೇವರು, ಕಥೆಯ ಪಾತ್ರಗಳಲ್ಲ. ಆದರೆ ಕಾವ್ಯದಲ್ಲಿ, ರಂಗದಲ್ಲಿ, ಪರದೆಯ ಮೇಲೆ ಅವರು ಪಾತ್ರಗಳಾಗಿಯೂ ಬದುಕಿದ್ದಾರೆ. ನನ್ನ ಮಾತು ಆ ಬದುಕಿಗೆ ಸೀಮಿತ.

ನಮ್ಮ ಕಡೆಯ ಪೌರಾಣಿಕ ನಾಟಕದ ವ್ಯವಹಾರ ಗೊತ್ತಿಲ್ಲದವರಿಗೆ ಅದನ್ನು ಸ್ವಲ್ಪ ಹೇಳಬೇಕು. ಇಲ್ಲಿ ನಟನಿಗೆ ಸಂಬಳವಿಲ್ಲ, ನಟನೇ ದುಡ್ಡು ಕಟ್ಟುತ್ತಾನೆ. ಊರಿನವರು ಸೇರಿ ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡಿ, ಪಾತ್ರಕ್ಕಿಷ್ಟು ಎಂದು ಗೊತ್ತುಪಡಿಸುತ್ತಾರೆ. ದುರ್ಯೋಧನ, ಕೃಷ್ಣ, ಕರ್ಣರ ದರ ಮೇಲೆ. ವಿದುರ, ಸಂಜಯರದು ಕೆಳಗೆ. ಕೃಷ್ಣನಿಗೆ ಪೈಪೋಟಿ ಹೆಚ್ಚಾದರೆ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಹಂಚುತ್ತಾರೆ. ತಿಂಗಳುಗಟ್ಟಲೆ ತಾಲೀಮು. ಸೀನರಿ, ಡ್ರೆಸ್ಸು, ಹೆಣ್ಣು ಪಾತ್ರದವರು ಹೊರಗಿನಿಂದ ಬರುತ್ತಾರೆ. ಫ್ಲೆಕ್ಸಿನಲ್ಲಿ ಪಾತ್ರಧಾರಿಯ ಫೋಟೊ, ಅವನ ಹೆಸರಿನ ಮುಂದೆ ಅಪ್ಪನ ಹೆಸರು, ಗ್ರಾಮ ಪಂಚಾಯಿತಿಯಲ್ಲಿ ಏನಾಗಿದ್ದ ಎಂಬ ಬಿರುದು. ಆಟದ ನಡುವೆ ನೆಂಟರು ರಂಗದ ಮೇಲೇರಿ ಹಾರ ಹಾಕಿ ನೋಟು ಸಿಕ್ಕಿಸುತ್ತಾರೆ. ಆಗ ಯುದ್ಧ ನಿಲ್ಲುತ್ತದೆ, ಅರ್ಜುನ ಗಾಂಡೀವ ಕೆಳಗಿಟ್ಟು ಕೈಮುಗಿಯುತ್ತಾನೆ. ಕಂದ ಚೆನ್ನಾಗಿ ಎಳೆದರೆ ‘ಒನ್ಸ್ ಮೋರ್’. ಸತ್ತವನೂ ಎದ್ದು ಮತ್ತೆ ಹಾಡುವುದುಂಟು.

ಈ ರಂಗದಲ್ಲಿ ಯಾರ ತಪ್ಪೂ ಮುಚ್ಚಿಹೋಗುವುದಿಲ್ಲ. ಸಂಧಾನದ ಸೀನಿನಲ್ಲಿ ದುರ್ಯೋಧನ ಕೃಷ್ಣನಿಗೆ ಎದುರಾಗಿ ನಿಂತು ಬೆಣ್ಣೆಕಳ್ಳತನದಿಂದ ಹಿಡಿದು ಜರಾಸಂಧನಿಗೆ ಹೆದರಿ ಮಥುರೆ ಬಿಟ್ಟದ್ದರವರೆಗೆ ಒಂದೊಂದನ್ನೂ ಎತ್ತಿ ಆಡುತ್ತಾನೆ. ದೇವಸ್ಥಾನದ ಮುಂದೆಯೇ ಚಪ್ಪರ, ಒಳಗಿರುವವನೂ ಅದೇ ಕೃಷ್ಣ. ಜನ ಕೇಕೆ ಹಾಕುತ್ತಾರೆ. ‘ರಾಮಾಂಜನೇಯ ಯುದ್ಧ’ದಲ್ಲಂತೂ ರಾಮನೇ ದುಡುಕಿ ವಿಶ್ವಾಮಿತ್ರನಿಗೆ ಮಾತು ಕೊಟ್ಟು, ಆಂಜನೇಯ ಅಭಯ ಕೊಟ್ಟ ಯಯಾತಿಯನ್ನು ಕೊಲ್ಲಲು ಹೊರಡುತ್ತಾನೆ. ಪ್ರೇಕ್ಷಕರೆಲ್ಲ ಆಂಜನೇಯನ ಕಡೆ. ರಾಮಬಾಣ ರಾಮನಾಮದ ಮುಂದೆ ಸೋಲುತ್ತದೆ. ರಾಮನನ್ನು ಸೋಲಿಸಲು ರಾಮನ ಹೆಸರನ್ನೇ ಬಳಸಿದ ಈ ಕಥೆಗಾರನ ಚಾತುರ್ಯ ಮೆಚ್ಚಬೇಕು. ತಪ್ಪು ತೋರಿಸಿಯೂ ಆಯಿತು, ಭಕ್ತಿ ಮುಕ್ಕಾಗಲೂ ಇಲ್ಲ. ಕಳೆದ ನೂರು ವರ್ಷದಲ್ಲಿ ಕನ್ನಡದಲ್ಲಿ ಎದ್ದ ಈ ಬಗೆಯ ಜಗಳಗಳ ಮಾತು ಬಂದಾಗೆಲ್ಲ ನನಗೆ ಈ ನಾಟಕ ನೆನಪಾಗುತ್ತದೆ.

ಕಾವ್ಯದ ಪರಂಪರೆಯೂ ಹಾಗೆಯೇ. 941ರ ಪಂಪನಿಗೆ ಅರ್ಜುನ ನಾಯಕ, ಆಶ್ರಯದಾತ ಅರಿಕೇಸರಿಯ ಪ್ರತಿರೂಪ. ಆದರೂ ಅವನ ಕರುಳು ಮಿಡಿದದ್ದು ಕರ್ಣನಿಗೆ. ರನ್ನ ಭೀಮನ ವಿಜಯ ಬರೆಯಹೊರಟು ದುರ್ಯೋಧನನನ್ನು ಮರೆಯಲಾಗದ ಹಾಗೆ ಮಾಡಿಟ್ಟ. ನಾಗಚಂದ್ರನ ರಾವಣ ಒಂದೇ ತಪ್ಪಿಗೆ ಉರುಳಿದ ದೊಡ್ಡ ಮನುಷ್ಯ. ನಾಗಮಂಗಲದ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಜೈನ ಬಸದಿಗಳು ಇಂದಿಗೂ ನಿಂತಿವೆ. ಶತ್ರುವಿನಲ್ಲೂ ದೊಡ್ಡತನ ಕಂಡ ಆ ಜೈನ ಕಣ್ಣು ಈ ನೆಲಕ್ಕೆ ಹೊಸದಲ್ಲ. ಹಳ್ಳಿಗಳಲ್ಲಿ ಮಳೆಗಾಗಿ ವಿರಾಟಪರ್ವ ಓದಿಸುತ್ತಿದ್ದ ಜನವೇ ಲಕ್ಷ್ಮೀಶನ ಜೈಮಿನಿ ಭಾರತವನ್ನೂ ಓದಿಸುತ್ತಿದ್ದರು. ಅದರಲ್ಲಿ ಬಸುರಿ ಸೀತೆಯನ್ನು ರಾಮ ಕಾಡಿಗಟ್ಟುವ ಭಾಗ ಬಂದಾಗ ಕೇಳುವವರು ಕಣ್ಣೀರು ಹಾಕಿದರು, ರಾಮನನ್ನು ಬೈದರು. ಬೆಳಿಗ್ಗೆ ಎದ್ದು ರಾಮಮಂದಿರದ ಭಜನೆಗೆ ಹೋದವರೂ ಅವರೇ.

ಹಾಗಾದರೆ ಅಭಿಮಾನಿ ಸಿಡಿಯುವುದೇ ಇಲ್ಲವೆ? ಸಿಡಿಯುತ್ತಾನೆ. ಕೆ.ಆರ್. ಪೇಟೆ ಕಡೆಯ ಒಂದು ಹಳ್ಳಿಯಲ್ಲಿ ‘ದಾನಶೂರ ವೀರ ಕರ್ಣ’ದ ತಾಲೀಮಿನಲ್ಲಿ ಕೂತಿದ್ದೆ. ಊರಿನ ಶಾಲೆಯ ಮೇಷ್ಟ್ರು ಓದಿಕೊಂಡವರು. ರಥದ ಚಕ್ರ ಹೂತ ಸೀನಿನಲ್ಲಿ ಕರ್ಣ ಧರ್ಮಯುದ್ಧದ ಮಾತೆತ್ತುತ್ತಾನಲ್ಲ, ಆಗ ಕೃಷ್ಣ ಜೂಜಿನ ಸಭೆಯನ್ನು ನೆನಪಿಸಬೇಕೆಂಬುದು ಅವರ ಆಸೆ. ವ್ಯಾಸಭಾರತದಲ್ಲಿ ಅದು ಇದೆ. ದ್ರೌಪದಿಯನ್ನು ಸೂಳೆಯೆಂದು ಕರೆದು, ಅವಳ ಸೀರೆ ಬಿಚ್ಚು ಎಂದು ದುಶ್ಯಾಸನನಿಗೆ ಹೇಳಿದವನು ಕರ್ಣ. ಕೊನೆಗಾಲದಲ್ಲಿ ಕೃಷ್ಣ ಅದನ್ನೇ ಎತ್ತಿ, ಆಗ ಎಲ್ಲಿ ಹೋಗಿತ್ತು ನಿನ್ನ ಧರ್ಮ ಎಂದು ಕೇಳುತ್ತಾನೆ. ಮೇಷ್ಟ್ರು ನಾಲ್ಕು ಸಾಲು ಬರೆದುಕೊಂಡು ಬಂದಿದ್ದರು. ಕರ್ಣನ ಪಾತ್ರಕ್ಕೆ ದುಡ್ಡು ಕಟ್ಟಿದ್ದವರು ಕಬ್ಬಿನ ರೈತರು, ವಯಸ್ಸು ಐವತ್ತರ ಮೇಲೆ. ಕೇಳಿಸಿಕೊಂಡು ಹಾಗೇ ಕಿರೀಟ ತೆಗೆದು ಮಡಿಲಲ್ಲಿಟ್ಟುಕೊಂಡರು.

‘ಸಾಯ್ತಾ ಇರೋನ್ನ ಬೈತಾರಾ ಸಾ? ಸತ್ತ ಮನೆ ಮುಂದೆ ನಿಂತ್ಕಂಡು ಯಾರಾದ್ರೂ ಸಾಲ ಕೇಳ್ತಾರಾ?’

ಮೇಷ್ಟ್ರು ವ್ಯಾಸರ ಹೆಸರು ಹೇಳಿದರು. ರೈತರು ವ್ಯಾಸರ ಬಗ್ಗೆ ಒಂದು ಮಾತೂ ಆಡಲಿಲ್ಲ. ‘ನನ್ ಮಗಳು ಮುಂದ್ಲ ಸಾಲಲ್ಲಿ ಕುಂತಿರ್ತಾಳೆ. ಇವ್ನು ಇಂಗಂದಿದ್ನಂತೆ ಅಂತ ಅವ್ಳು ನನ್ ಮಕ ನೋಡ್ಬೇಕಾ?’ ಎಂದರು. ಹಾರ್ಮೋನಿಯಂ ಮೇಷ್ಟ್ರು ನಡುವೆ ಬಿದ್ದು ರಾಜಿಗೆ ಬಂದರು: ‘ಆ ಮಾತ್ನೆಲ್ಲ ದುಶ್ಯಾಸನನ ಮ್ಯಾಲೆ ಆಕ್ಬುಡಿ ಸಾ, ಅವ್ನು ಒತ್ಕತಾನೆ.’ ಎಲ್ಲರೂ ನಕ್ಕರು. ನಾಲ್ಕು ಸಾಲು ಮೇಷ್ಟ್ರ ಜೇಬಿಗೆ ವಾಪಸು ಹೋದವು.

ಆ ರೈತರ ಮಾತನ್ನು ಅಸಹನೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹುಟ್ಟಿನ ಕಾರಣಕ್ಕೆ ಪರೀಕ್ಷಾರಂಗದಲ್ಲಿ ಮುಖಭಂಗವಾದ ಕರ್ಣನಲ್ಲಿ ಎಷ್ಟೋ ಜನ ತಮ್ಮನ್ನೇ ಕಂಡುಕೊಂಡಿದ್ದಾರೆ. ಅವನಿಗೆ ಕಲೆ ಹತ್ತಿದರೆ ತಮ್ಮ ಅವಮಾನದ ದಾವೆಯೇ ಬಿದ್ದುಹೋಗುತ್ತದೆಂಬ ಭಯ ಅದು. ಆದರೆ ಆ ಭಯ ಬೇಕಿರಲಿಲ್ಲ. ಕೃಷ್ಣ ಬಂದು ಜನ್ಮರಹಸ್ಯ ಹೇಳಿದಾಗ, ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ಆಡಬಾರದ ಮಾತಾಡಿದೆ, ಅದಕ್ಕೆ ಪರಿತಪಿಸುತ್ತೇನೆ ಎಂದು ವ್ಯಾಸರ ಕರ್ಣ ತಾನೇ ಹೇಳಿಕೊಳ್ಳುತ್ತಾನೆ. ಅದನ್ನು ಒಂದು ಒಳ್ಳೆಯ ಮಟ್ಟಿಗೆ ಕೂರಿಸಿದ್ದರೆ ಆ ರೈತರೇ ಒನ್ಸ್ ಮೋರ್ ಹೊಡೆಸಿಕೊಳ್ಳುತ್ತಿದ್ದರು. ನಮ್ಮ ರಂಗದ ಅಲಿಖಿತ ಕರಾರು ಹೀಗೆ ಎಂದು ನಾನು ತಿಳಿದಿದ್ದೇನೆ: ನಾಯಕನ ತಪ್ಪು ಹೇಳಬಹುದು, ಆದರೆ ಹೇಳುವವನು ಕಥೆಯ ಒಳಗಿನವನಾಗಿರಬೇಕು, ಮತ್ತು ನಾಯಕನಿಗೆ ಉತ್ತರ ಕೊಡಲು ಒಂದು ಹಾಡಾದರೂ ಇರಬೇಕು. ದುರ್ಯೋಧನ ಬೈದರೆ ಕೃಷ್ಣನಿಗೆ ಮರುಪದ್ಯವಿದೆ. ರಾಮ ದುಡುಕಿದರೆ ಅವನನ್ನು ತಡೆಯುವವನು ಅವನ ಭಕ್ತ. ಈ ಕರಾರು ಮುರಿದ ಕಡೆಯೇ ಗಲಾಟೆ.

ಬಿ.ಎಂ. ಶ್ರೀಕಂಠಯ್ಯನವರ ಉದಾಹರಣೆ ನೋಡಿ. ಹೆಸರಿನ ಮೊದಲ ಅಕ್ಷರ ಬೆಳ್ಳೂರು, ನಾಗಮಂಗಲ ತಾಲ್ಲೂಕಿನದು. ರನ್ನನಿಂದ ‘ಗದಾಯುದ್ಧ ನಾಟಕ’ವನ್ನು ಕಡೆದು, ದುರ್ಯೋಧನನನ್ನು ಗ್ರೀಕರ ರುದ್ರನಾಟಕದ ನಾಯಕರ ಸಾಲಿಗೆ ತಂದು ನಿಲ್ಲಿಸಿದವರು ಅವರು. ಅದಕ್ಕೆ ಯಾರೂ ತಕರಾರು ತೆಗೆಯಲಿಲ್ಲ, ರನ್ನ ಆಗಲೇ ದಾರಿ ಮಾಡಿಟ್ಟಿದ್ದ. 1929ರ ‘ಅಶ್ವತ್ಥಾಮನ್’ಗೆ ಮಾತ್ರ ಆಕ್ಷೇಪ ಬಂತು. ಸೊಫೊಕ್ಲೀಸನ ‘ಏಜಾಕ್ಸ್’ ನಾಟಕದಲ್ಲಿ ಅಭಿಮಾನಭಂಗವಾದ ವೀರ ಬುದ್ಧಿ ಕೆಟ್ಟು, ದನಕುರಿಗಳನ್ನು ಶತ್ರುಗಳೆಂದು ಕಡಿದು, ತಿಳಿವು ಬಂದ ಮೇಲೆ ನಾಚಿ ತನ್ನ ಕತ್ತಿಗೆ ತಾನೇ ಬೀಳುತ್ತಾನೆ. ಬಿ.ಎಂ.ಶ್ರೀ ಆ ಅಂಗಿಯನ್ನು ಅಶ್ವತ್ಥಾಮನಿಗೆ ತೊಡಿಸಿದರು. ಮಲಗಿದ್ದ ಉಪಪಾಂಡವರ ಕೊಲೆ ಮಾಡಿದವನು ಅಶ್ವತ್ಥಾಮ. ಅವನ ಮೇಲೆ ಹೊರಿಸಲು ಹೊಸ ತಪ್ಪು ಯಾವುದೂ ಉಳಿದಿರಲಿಲ್ಲ. ಓದುಗರು ಕೆರಳಿದ್ದು ಅವನು ಸತ್ತದ್ದಕ್ಕೆ. ಅಶ್ವತ್ಥಾಮ ಚಿರಂಜೀವಿ. ತಲೆಯ ಮಣಿ ಕಳೆದುಕೊಂಡು, ಹುಣ್ಣು ಹೊತ್ತು, ಇಂದಿಗೂ ಅಲೆಯುತ್ತಿದ್ದಾನೆಂದು ನಂಬಿದ ಜನಕ್ಕೆ ಅವನ ಆತ್ಮಹತ್ಯೆ ಒಪ್ಪಿಗೆಯಾಗಲಿಲ್ಲ. ನಾಟಕ ಅದ್ಭುತವಾಗಿದೆ ಎಂದವರೂ ಇದೊಂದಕ್ಕೆ ತಲೆ ಅಲ್ಲಾಡಿಸಿದರು. ನನಗೆ ಈ ಆಕ್ಷೇಪ ಬಾಲಿಶ ಅನ್ನಿಸುವುದಿಲ್ಲ. ಸಾವು ಅವನಿಗೆ ಬಿಡುಗಡೆ. ಪರಂಪರೆ ಅವನಿಗೆ ಕೊಟ್ಟ ಶಿಕ್ಷೆ ಸಾಯಲಾರದಿರುವುದು. ಗ್ರೀಕರ ಅಳತೆಯಲ್ಲಿ ಅವನು ಎತ್ತರಕ್ಕೇರಿದ, ನಮ್ಮ ಅಳತೆಯಲ್ಲಿ ಶಿಕ್ಷೆ ತಪ್ಪಿಸಿಕೊಂಡ.

ಕುವೆಂಪು ಅವರ ‘ಶೂದ್ರ ತಪಸ್ವಿ’ಯ ಜಗಳ ಇನ್ನೂ ವಿಚಿತ್ರ. 1944ರ ಈ ನಾಟಕದಲ್ಲಿ ಅವರು ರಾಮನ ತಪ್ಪನ್ನು ತೋರಿಸಲಿಲ್ಲ, ಅಳಿಸಿದರು. ಉತ್ತರಕಾಂಡದ ರಾಮ ತಪಸ್ಸು ಮಾಡುತ್ತಿದ್ದ ಶಂಬೂಕನ ತಲೆ ಕಡಿಯುತ್ತಾನೆ. ಕುವೆಂಪು ಅವರ ರಾಮ ಬಿಟ್ಟ ಅಸ್ತ್ರ ದೂರು ತಂದ ಬ್ರಾಹ್ಮಣನ ಬೆನ್ನು ಹತ್ತುತ್ತದೆ, ಅವನು ತಪಸ್ವಿಗೆ ತಲೆಬಾಗಿದಾಗ ಸತ್ತ ಮಗ ಏಳುತ್ತಾನೆ. ಇದನ್ನು ಆಕ್ಷೇಪಿಸಿದವರು ಮಾಸ್ತಿ. ಹಳೆಯ ಕಥೆಯನ್ನು ಇಂದಿನ ಮನಸ್ಸಿಗೆ ಬಂದಂತೆ ತಿರುಗಿಸಬಾರದು ಎಂಬುದು ಅವರ ವಾದದ ತಿರುಳು. ಕುವೆಂಪು ಬಿಗಿಯಾಗಿ ಉತ್ತರಿಸಿದರು. ನಾಯಕನನ್ನು ಕೆಡಿಸಿದರೆ ಬರುವ ಆಕ್ಷೇಪ ತಿದ್ದಿದರೂ ಬರುತ್ತದೆ ಎಂದಮೇಲೆ ತಪ್ಪೊಪ್ಪುಗಳ ಲೆಕ್ಕಕ್ಕಿಂತ ಆಳದ ಪ್ರಶ್ನೆಯೊಂದಿದೆ: ಕಥೆ ಯಾರದು, ಅದಕ್ಕೆ ಕೈ ಹಾಕುವ ಹಕ್ಕು ಯಾರಿಗೆ?

ಹಾಡುವವರು ಆ ಹಕ್ಕನ್ನು ಯಾರನ್ನೂ ಕೇಳಲಿಲ್ಲ. ತಂಬೂರಿ ಪದಗಳ ರಾಮಾಯಣದಲ್ಲಿ ರಾವಣ ಮಾವಿನ ಹಣ್ಣು ತಿಂದು ಬಸುರಾಗಿ, ಸೀನಿದಾಗ ಸೀತೆ ಹುಟ್ಟುತ್ತಾಳೆ. ದಲಿತ ಗಾಯಕನೊಬ್ಬ ಹಾಡಿದ ಈ ಕಥೆಯನ್ನು ರಾಮೇಗೌಡರು ಸಂಗ್ರಹಿಸಿದರು, ಮೈಸೂರಿನ ಎ.ಕೆ. ರಾಮಾನುಜನ್ ತಮ್ಮ ‘ಮುನ್ನೂರು ರಾಮಾಯಣ’ಗಳ ಪ್ರಬಂಧದಲ್ಲಿ ಸೇರಿಸಿಕೊಂಡರು. ಊರ ಜಗಲಿಯಲ್ಲಿ ಯಾರಿಗೂ ಚುಚ್ಚದ ಕಥೆ ದೆಹಲಿ ವಿಶ್ವವಿದ್ಯಾಲಯದ ಪಠ್ಯಕ್ಕೆ ಹೋದಾಗ 2008ರಲ್ಲಿ ಗಲಭೆಯಾಯಿತು. 2011ರಲ್ಲಿ ವಿಶ್ವವಿದ್ಯಾಲಯ ಆ ಪ್ರಬಂಧವನ್ನೇ ಕೈಬಿಟ್ಟಿತು. ಹಾಡಿದವನ ಬಾಯಲ್ಲಿ ಅದು ಹರಕೆ, ಕ್ಲಾಸಿನಲ್ಲಿ ಅದು ಹೀಯಾಳಿಕೆ.

ಸಿನಿಮಾಕ್ಕೆ ಬಂದರೆ ಮೊದಲು ಹೇಳಬೇಕಾದದ್ದು ‘ಬಬ್ರುವಾಹನ’. 1977, ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನ. ಅರ್ಜುನ ಮದದಿಂದ ಮಗನನ್ನೇ ನಿರಾಕರಿಸುತ್ತಾನೆ, ಅವನ ತಾಯಿಯ ಶೀಲಕ್ಕೆ ಕೈಯಿಡುತ್ತಾನೆ. ಮಗ ರಣರಂಗದಲ್ಲಿ ಅಪ್ಪನ ಒಂದೊಂದು ಗೆಲುವನ್ನೂ ಎತ್ತಿ, ಇದು ಕೃಷ್ಣನ ಕೈವಾಡ, ಅದು ಶಿಖಂಡಿಯ ಮರೆ ಎಂದು ಬಯಲಿಗೆಳೆಯುತ್ತಾನೆ. ಕನ್ನಡ ಪರದೆಯ ಮೇಲೆ ಒಬ್ಬ ಪುರಾಣವೀರನಿಗೆ ಇದಕ್ಕಿಂತ ದೊಡ್ಡ ಮುಖಭಂಗ ಆಗಿಲ್ಲ. ಆದರೂ ಒಂದು ಚೂರು ಗೊಣಗಾಟ ಇರಲಿಲ್ಲ. ಅಪ್ಪನೂ ರಾಜ್‌ಕುಮಾರ್, ಮಗನೂ ರಾಜ್‌ಕುಮಾರ್! ಬೈದವನೂ ನಮ್ಮವನು, ಬೈಸಿಕೊಂಡವನೂ ನಮ್ಮವನು, ಉತ್ತರ ಕೊಡಲು ಇಬ್ಬರಿಗೂ ಸಮಪಾಲು ಹಾಡು. ಇಂದಿಗೂ ಮಂಡ್ಯದ ಕಡೆ ಆರ್ಕೆಸ್ಟ್ರಾದಲ್ಲಿ ಆ ಹಾಡು ಹಿಡಿದರೆ ಮುದುಕರು ಎದ್ದು ಕೂರುತ್ತಾರೆ.

‘ನಾಗರಹಾವು’ (1972) ಇದರ ತಿರುಗುಮುರುಗು. ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ ಚಿತ್ರದ ರಾಮಾಚಾರಿ ಮುಂಗೋಪಿ, ಹಟಮಾರಿ, ಕೊನೆಗೆ ತನ್ನ ಚಾಮಯ್ಯ ಮೇಷ್ಟ್ರ ಸಾವಿಗೂ ಕಾರಣನಾಗುತ್ತಾನೆ. ಜನ ಅವನನ್ನು ತಲೆ ಮೇಲೆ ಹೊತ್ತುಕೊಂಡರು. ಬೇಸರಪಟ್ಟವರು ಸ್ವತಃ ತ.ರಾ.ಸು.; ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿದರೆಂದು ಅವರು ಹಳಹಳಿಸಿದ್ದು ಚಿತ್ರರಂಗದ ದಂತಕಥೆಯಾಗಿದೆ. ಲೇಖಕನಿಗೆ ನಾಯಕ ಸಾಕಷ್ಟು ಕೆಟ್ಟವನಾಗಿಲ್ಲ ಎಂಬ ದೂರು ಇದ್ದದ್ದು ಅಪರೂಪ.

2018ಕ್ಕೆ ಬರುವ ಹೊತ್ತಿಗೆ ಗಾಳಿ ತಿರುಗಿತ್ತು. ಮಂಡ್ಯ ಜಿಲ್ಲೆಯವರೇ ಆದ ಪ್ರೇಮ್ ‘ದಿ ವಿಲನ್’ ಚಿತ್ರದಲ್ಲಿ ಶಿವರಾಜ್‌ಕುಮಾರ್ ಮತ್ತು ಸುದೀಪ್ ಇಬ್ಬರನ್ನೂ ಎದುರುಬದುರು ನಿಲ್ಲಿಸಿದರು. ಸುದೀಪ್ ಪಾತ್ರ ಶಿವಣ್ಣನ ಪಾತ್ರಕ್ಕೆ ಹೊಡೆಯುವ ದೃಶ್ಯ ನೋಡಿ ಶಿವಣ್ಣನ ಅಭಿಮಾನಿಗಳು ಕಿಡಿಕಾರಿದರು, ನಿರ್ದೇಶಕರು ಸಮಜಾಯಿಷಿ ಕೊಡುವಂತಾಯಿತು. ಇಲ್ಲಿ ತಪ್ಪಿನ ಮಾತೇ ಇಲ್ಲ, ಬರೀ ಪೆಟ್ಟಿನ ಮಾತು. ಪೆಟ್ಟು ಬಿದ್ದದ್ದು ಪಾತ್ರಕ್ಕೆ, ನೋವಾದದ್ದು ಅಭಿಮಾನಿ ಸಂಘಕ್ಕೆ. 2019ರಲ್ಲಿ ನಿರ್ಮಾಪಕ ಮುನಿರತ್ನ ‘ಕುರುಕ್ಷೇತ್ರ’ ತಂದಾಗ ದುರ್ಯೋಧನ ದರ್ಶನ್, ಅಭಿಮನ್ಯು ನಿಖಿಲ್ ಕುಮಾರಸ್ವಾಮಿ, ಭೀಷ್ಮ ಅಂಬರೀಷ್. ಆಗಷ್ಟೇ ಮುಗಿದಿದ್ದ ಮಂಡ್ಯ ಲೋಕಸಭಾ ಚುನಾವಣೆಯಲ್ಲಿ ನಿಖಿಲ್ ಅಭ್ಯರ್ಥಿ, ಎದುರಾಳಿ ಅಂಬರೀಷ್ ಅವರ ಪತ್ನಿ ಸುಮಲತಾ, ಅವರ ಪರ ಊರೂರು ಸುತ್ತಿದವರು ದರ್ಶನ್. ನಮ್ಮ ಜಿಲ್ಲೆಯ ಜನ ಆ ಸಿನಿಮಾವನ್ನು ವ್ಯಾಸಭಾರತವಾಗಿ ನೋಡಿದರೋ ಚುನಾವಣೆಯ ಮುಂದುವರಿದ ಭಾಗವಾಗಿ ನೋಡಿದರೋ ಹೇಳುವುದು ಕಷ್ಟ. ಯಾವ ಕಂದಕ್ಕೆ ಯಾರು ಶಿಳ್ಳೆ ಹೊಡೆದರು ಎನ್ನುವುದರಲ್ಲಿ ಊರಿನ ಪಕ್ಷ ಗೊತ್ತಾಗುತ್ತಿತ್ತು.

ಪುಸ್ತಕದ ಕಡೆ ಇದೇ ಬದಲಾವಣೆ ಕಾಣಬೇಕಾದರೆ ಎರಡು ಹೆಸರು ಜೊತೆಗಿಡಬೇಕು. ಎಸ್.ಎಲ್. ಭೈರಪ್ಪ ನಾಗಮಂಗಲ, ಕೆ.ಆರ್. ಪೇಟೆಗಳ ಗಡಿಗೆ ತಾಗಿದ ಚನ್ನರಾಯಪಟ್ಟಣ ತಾಲ್ಲೂಕಿನವರು. 1979ರ ‘ಪರ್ವ’ದಲ್ಲಿ ಅವರು ಪಾಂಡವರ, ಭೀಷ್ಮರ, ಕೃಷ್ಣನ ಮೈಮೇಲಿನ ಪವಾಡದ ಬಟ್ಟೆಯನ್ನೆಲ್ಲ ತೆಗೆದು ಬೆವರು, ಮುಪ್ಪು, ಕಾಮ, ಹೊಟ್ಟೆಕಿಚ್ಚುಗಳ ಮನುಷ್ಯರನ್ನಾಗಿ ನಿಲ್ಲಿಸಿದರು. 2017ರ ‘ಉತ್ತರಕಾಂಡ’ದಲ್ಲಿ ಸೀತೆಯ ಕಣ್ಣಿಂದ ನೋಡಿ ರಾಮನನ್ನು ಕಟಕಟೆಗೆ ಹತ್ತಿಸಿದರು. ಒಳಗೊಳಗೆ ನೊಂದುಕೊಂಡ ಓದುಗರು ಇದ್ದಾರೆ. ಆದರೆ ಪುಸ್ತಕ ಮುದ್ರಣದ ಮೇಲೆ ಮುದ್ರಣ ಕಂಡಿತು. 2021ರಲ್ಲಿ ಮೈಸೂರಿನ ರಂಗಾಯಣ ಪ್ರಕಾಶ್ ಬೆಳವಾಡಿ ನಿರ್ದೇಶನದಲ್ಲಿ ‘ಪರ್ವ’ವನ್ನು ಎಂಟು ಗಂಟೆಯ ನಾಟಕ ಮಾಡಿದಾಗ ಜನ ಬುತ್ತಿ ಕಟ್ಟಿಕೊಂಡು ಹೋಗಿ ನೋಡಿದರು. ಮೈಸೂರಿನಲ್ಲೇ ಇರುವ ಕೆ.ಎಸ್. ಭಗವಾನ್ ಅದೇ ವಾಲ್ಮೀಕಿ ಉತ್ತರಕಾಂಡವನ್ನು ಹಿಡಿದು ‘ರಾಮಮಂದಿರ ಏಕೆ ಬೇಡ’ ಬರೆದರು. ದೂರು ದಾಖಲಾದವು, ಪೊಲೀಸ್ ರಕ್ಷಣೆ ಬೇಕಾಯಿತು, 2021ರ ಫೆಬ್ರವರಿಯಲ್ಲಿ ಬೆಂಗಳೂರಿನ ನ್ಯಾಯಾಲಯದ ಆವರಣದಲ್ಲಿ ಅವರ ಮುಖಕ್ಕೆ ಮಸಿ ಬಳಿದರು. 2023ರ ಜನವರಿಯಲ್ಲಿ ನಮ್ಮ ಕೆ.ಆರ್. ಪೇಟೆಯ ಒಂದು ಸಭೆಯಲ್ಲೇ ಅವರು, ಸೀತೆಯನ್ನು ಕಾಡಿಗಟ್ಟಿದ, ಶಂಬೂಕನ ತಲೆ ಕಡಿದ, ಮಧ್ಯಾಹ್ನ ಮದ್ಯ ಕುಡಿಯುತ್ತಿದ್ದ ರಾಮ ಆದರ್ಶ ಹೇಗಾದಾನು ಎಂದು ಕೇಳಿ ಮತ್ತೆ ರಾಜ್ಯದಾದ್ಯಂತ ಕಿಡಿ ಎಬ್ಬಿಸಿದರು.

ಇಬ್ಬರ ಆಧಾರ ಒಂದೇ ಗ್ರಂಥ. ಭೈರಪ್ಪನವರು ಒಳಗಿನವರೆಂಬ ಭರವಸೆ ಅವರ ಓದುಗರಿಗಿತ್ತು. ಮೇಲಾಗಿ ಕಾದಂಬರಿಯಲ್ಲಿ ರಾಮನಿಗೆ ತಳಮಳಿಸಲು ಜಾಗವಿತ್ತು. ಭಗವಾನರ ಸಭೆಯಲ್ಲಿ ಆರೋಪಪಟ್ಟಿ ಮಾತ್ರ ಇತ್ತು, ಮರುಪದ್ಯ ಇರಲಿಲ್ಲ. ಇದರಿಂದ ಮಸಿ ಬಳಿದದ್ದು ಸರಿಯಾಗುವುದಿಲ್ಲ, ಅದು ಗೂಂಡಾಗಿರಿ. ಹಾಗೆಯೇ, ಉತ್ತರಕಾಂಡದಲ್ಲಿ ಇರುವುದನ್ನು ಇದೆ ಎಂದು ಹೇಳಲು ಒಬ್ಬನಿಗೆ ಅಪ್ಪಣೆ, ಇನ್ನೊಬ್ಬನಿಗೆ ಮಸಿ ಎಂದಾದರೆ ನಾವು ಕಾಯುತ್ತಿರುವುದು ರಾಮನನ್ನಲ್ಲ, ನಮ್ಮ ಪಾಳೆಯವನ್ನು. ಕೆ.ಆರ್. ಪೇಟೆಯದೇ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್ 1991ರಲ್ಲಿ ‘ದೇವರು’ ಬರೆದು, ದೇವರೇ ಇಲ್ಲವೆಂದು ತಣ್ಣಗೆ ವಾದಿಸಿದರು. ಆಸ್ತಿಕರು ಅದನ್ನು ಕೊಂಡು ಓದಿದರು, ತೊಂಬತ್ತು ದಾಟಿದ ಅವರನ್ನು ಗೌರವದಿಂದಲೇ ಕಂಡರು. ಆ ಕಾಲದ ಸೌಜನ್ಯವನ್ನು ಅತಿಯಾಗಿ ಹೊಗಳಲೂ ಬೇಕಿಲ್ಲ. ಪುಸ್ತಕ ಓದುವವರ ಲೋಕ ಚಿಕ್ಕದಿತ್ತು, ಅಷ್ಟೆ.

ಇನ್ನು ಟಿಪ್ಪುವಿನ ಸಾವಿನ ಸುತ್ತ ಹುಟ್ಟಿದ ಆ ಎರಡು ಹೆಸರು. ಟಿಪ್ಪು 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದ ದಿನ ಸತ್ತ. ಅವನನ್ನು ಕೊಂದವರು ಇಂಗ್ಲಿಷರಲ್ಲ, ಉರಿಗೌಡ, ನಂಜೇಗೌಡ ಎಂಬ ಇಬ್ಬರು ಒಕ್ಕಲಿಗ ವೀರರು ಎಂಬ ಕಥೆ 2022ರಲ್ಲಿ ರಂಗಾಯಣ ಆಡಿದ ಅಡ್ಡಂಡ ಕಾರ್ಯಪ್ಪನವರ ‘ಟಿಪ್ಪು ನಿಜಕನಸುಗಳು’ ನಾಟಕದಿಂದ ಊರೂರಿಗೆ ಹರಡಿತು. ಇತಿಹಾಸಕಾರರು ದಾಖಲೆ ಕೇಳಿದರು, ಯಾರೂ ತೋರಿಸಲಿಲ್ಲ. 2023ರ ಮಾರ್ಚ್ 12ರಂದು ಪ್ರಧಾನಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಗೆ ಮಂಡ್ಯಕ್ಕೆ ಬರುವ ಹೊತ್ತಿಗೆ ಆ ಹೆಸರಿನ ಮಹಾದ್ವಾರ ಎದ್ದಿತು, ಟೀಕೆ ಬಂದು ಹೆಸರು ತೆಗೆದರು. ‘ಕುರುಕ್ಷೇತ್ರ’ದ ಅದೇ ಮುನಿರತ್ನ ಇವರ ಮೇಲೆ ಸಿನಿಮಾ ಮಾಡುತ್ತೇನೆಂದು ಹೆಸರು ನೋಂದಾಯಿಸಿದರು. ಮಾರ್ಚ್ 20ರಂದು ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿ ಅವರನ್ನು ಕರೆಸಿದರು. ಆಧಾರವಿಲ್ಲದೆ ಇದನ್ನು ಮುಂದುವರಿಸುವುದು ಬೇಡ ಎಂದರು. ಸಿನಿಮಾ ಅಲ್ಲಿಗೆ ನಿಂತಿತು. ಮಠ ನಾಗಮಂಗಲ ತಾಲ್ಲೂಕಿನಲ್ಲಿದೆ, ಕಥೆ ಶ್ರೀರಂಗಪಟ್ಟಣದ್ದು. ಹಾಗಾಗಿ ಈ ಪ್ರಕರಣ ನಮ್ಮ ನಾಲ್ಕು ತಾಲ್ಲೂಕಿನೊಳಗೇ ಹುಟ್ಟಿ ನಮ್ಮೊಳಗೇ ತೀರಿತು.

ಇದನ್ನು ಅಭಿಮಾನಿಗಳ ಸಿಟ್ಟು ಎನ್ನಲಾಗದು, ಏಕೆಂದರೆ ಆ ವೀರರಿಗೆ ಇನ್ನೂ ಅಭಿಮಾನಿಗಳೇ ಹುಟ್ಟಿರಲಿಲ್ಲ. ಆದರೂ ಇದರಲ್ಲಿ ಒಂದು ಪಾಠ ಕಾಣುತ್ತದೆ. ಉರಿಗೌಡ, ನಂಜೇಗೌಡರಿಗೆ ತಾಯಿಯಿಲ್ಲ, ಹೆಂಡತಿಯಿಲ್ಲ, ಭಯವಿಲ್ಲ, ಒಂದು ದೌರ್ಬಲ್ಯವಿಲ್ಲ. ಕೈಯಲ್ಲಿ ಕತ್ತಿ, ಹೆಸರಿನ ಕೊನೆಗೆ ಜಾತಿ, ಇಷ್ಟೇ. ಜಾತಿಯ ಬ್ಯಾಡ್ಜಾಗಿ ಹುಟ್ಟಿದವನಿಗೆ ಪಾತ್ರವಾಗಿ ಬೆಳೆಯಲು ಎಡೆಯೇ ಇರುವುದಿಲ್ಲ. ಅವನು ಒಂದು ಸುಳ್ಳು ಹೇಳಿದರೆ ಸಮುದಾಯವೇ ಸುಳ್ಳು ಹೇಳಿದಂತೆ, ಒಂದು ಕೊಲೆ ಮಾಡಿದರೆ ಸಮುದಾಯವೇ ಕೊಲೆಗಾರನಾದಂತೆ. ಸ್ವಾಮೀಜಿಯವರ ಆತಂಕದಲ್ಲಿ ಈ ಎರಡನೆಯ ಎಣಿಕೆಯೂ ಇದ್ದಿರಬಹುದು ಎಂದು ನನ್ನ ಊಹೆ. ಕರ್ಣ, ರಾಮ, ಶಿವಣ್ಣನ ಪಾತ್ರ ಯಾರೇ ಆಗಲಿ, ಬ್ಯಾಡ್ಜಾದ ದಿನ ಅವರ ಮೇಲೆ ಕೈಯಿಡುವುದು ಕಷ್ಟವಾಗುತ್ತದೆ. ಕುರುಕ್ಷೇತ್ರದ ದುರ್ಯೋಧನ ಯಾವ ಜಾತಿಯ ಬ್ಯಾಡ್ಜೂ ಆಗದಿರುವುದರಿಂದಲೇ ಇಷ್ಟು ಸಲೀಸಾಗಿ ಎಲ್ಲರ ಕೈಯಲ್ಲೂ ಬೈಸಿಕೊಳ್ಳುತ್ತಾನೆ, ಎಲ್ಲರಿಗೂ ಬೇಕಾಗುತ್ತಾನೆ.

ಈ ಸಮೀಕ್ಷೆಯಲ್ಲಿ ಹೆಂಗಸರ ತಪ್ಪಿನ ಮಾತೇ ಬರಲಿಲ್ಲವೆಂದು ಓದುಗರಿಗೆ ಅನ್ನಿಸಿರಬಹುದು. ಬಾರದಿರಲು ಕಾರಣವಿದೆ. ದ್ರೌಪದಿ ಮಯಸಭೆಯಲ್ಲಿ ದುರ್ಯೋಧನನನ್ನು ನೋಡಿ ನಕ್ಕದ್ದೇ ಕುರುಕ್ಷೇತ್ರಕ್ಕೆ ಮೂಲ ಎಂಬುದು ನಮ್ಮ ಕಡೆ ಹಾರ್ಮೋನಿಯಂ ಮೇಷ್ಟ್ರಿಂದ ಹಿಡಿದು ಹೋಟೆಲ್ ಗಲ್ಲಾದವರೆಗೆ ಎಲ್ಲರೂ ಹೇಳುವ ಮಾತು. ವ್ಯಾಸಭಾರತದಲ್ಲಿ ಆ ಪ್ರಸಂಗ ನಡೆಯುವಾಗ ನಗುವವರು ಭೀಮ, ಅವನ ತಮ್ಮಂದಿರು, ಆಳುಗಳು. ದ್ರೌಪದಿಯೂ ನಕ್ಕಳೆಂಬುದು ಬರುವುದು ಆಮೇಲೆ, ದುರ್ಯೋಧನ ಅಪ್ಪನ ಮುಂದೆ ಹೇಳಿಕೊಳ್ಳುವ ದೂರಿನಲ್ಲಿ. ಒಬ್ಬ ದೂರುದಾರನ ಮಾತಿನ ಮೇಲೆ ಒಂದು ಯುದ್ಧದ ಹೊಣೆ ಹೊರಿಸಿ ಎಷ್ಟೋ ಕಾಲ ಆಯಿತು, ಅದಕ್ಕೆ ಒಂದು ಅಭಿಮಾನಿ ಸಂಘವೂ ಪ್ರತಿಭಟಿಸಿಲ್ಲ. ಕೃಷ್ಣನಿಗೆ ಮರುಪದ್ಯ ಕೊಟ್ಟ ರಂಗ ಅವಳಿಗೆ ಕೊಡಲಿಲ್ಲ. ಆ ಪಾತ್ರಕ್ಕೆ ಊರವರು ಯಾರೂ ದುಡ್ಡು ಕಟ್ಟುವುದಿಲ್ಲ. ಕಂಪನಿಯಿಂದ ಬಂದ ಹೆಣ್ಣುಮಗಳು ಸಂಬಳಕ್ಕೆ ಆಡಿ, ಬೆಳಗಿನ ಬಸ್ಸಿಗೆ ಹೋಗುತ್ತಾಳೆ.

ಈಚೆಗೆ ಹೆಂಗಸರೇ ಎಲ್ಲ ಪಾತ್ರ ವಹಿಸಿ ಪೌರಾಣಿಕ ನಾಟಕ ಆಡುವ ತಂಡಗಳು ನಮ್ಮ ಜಿಲ್ಲೆಯಲ್ಲೂ ಹುಟ್ಟಿಕೊಂಡಿವೆ. ಅಂಥದೊಂದು ಆಟಕ್ಕೆ ಹೋಗಿದ್ದೆ. ದುರ್ಯೋಧನ ಆಗಿದ್ದವರು ಗದೆ ಹೊತ್ತು ಹೆಜ್ಜೆಯಿಟ್ಟ ಗತ್ತಿಗೆ ಗಂಡಸರೇ ಎದ್ದುನಿಂತು ಶಿಳ್ಳೆ ಹೊಡೆದರು. ಚಕ್ರ ಹೂತ ಸೀನು ಬಂತು. ಕೃಷ್ಣನ ಪಾತ್ರದ ಹೆಣ್ಣುಮಗಳು ಅಭಿಮನ್ಯುವನ್ನು ಕೊಂದದ್ದನ್ನು ನೆನಪಿಸಿ ಗುಡುಗಿದರು, ಜೂಜಿನ ಸಭೆಯ ಮಾತು ಎತ್ತಲಿಲ್ಲ. ಆಟ ಮುಗಿದ ಮೇಲೆ ಯಾಕೆ ಬಿಟ್ಟಿರಿ ಎಂದು ಕೇಳಿದೆ. ‘ಪುಸ್ತಕದಲ್ಲೇ ಇಲ್ವಲ್ಲ ಸಾ’ ಎಂದು ಅವರು ಕಿರೀಟದ ದಾರ ಬಿಚ್ಚುತ್ತಾ ಹೇಳಿದರು. ಪಕ್ಕದಲ್ಲಿ ಕರ್ಣನ ಬಣ್ಣ ಒರೆಸಿಕೊಳ್ಳುತ್ತಿದ್ದವರು ನನ್ನ ಕಡೆ ತಿರುಗಿ, ‘ಯಾವ ಮಾತು ಅದು?’ ಎಂದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನ ಆಟ ಬೆಳ್ಳೂರಿನಲ್ಲಿದೆ, ಅಷ್ಟರಲ್ಲಿ ಅದನ್ನು ಬರೆದುಕೊಡುತ್ತೀರಾ ಎಂದು ಕೇಳಿದರು.